ಕಡಿಮೆ ಬೆಲೆಯ ಎಲೆಕ್ಟ್ರಿಕ್ ಗಿಟಾರ್: ಮೊದಲು ನೆಕ್ ನೋಡಿ

ಗಿಟಾರ್ ರಿಪೇರಿ ಮತ್ತು ಸೆಟಪ್ (ನುಡಿಸಲು ಹದ ಮಾಡುವುದು) ನನ್ನ ಕಸುಬು. ಈಚೆಗೆ ಹವ್ಯಾಸಿಯೊಬ್ಬರು ಆರು ತಿಂಗಳ ಹಿಂದೆ ಕೊಂಡ ಗಿಟಾರನ್ನು ತಂದು ಮೇಜಿನ ಮೇಲಿಟ್ಟರು. “ಸರ್, ಎಫ್ ಕಾರ್ಡ್ ಹಿಡಿಯೋಕೇ ಆಗ್ತಿಲ್ಲ. ನನ್ನ ಬೆರಳಲ್ಲಿ ಶಕ್ತಿ ಇಲ್ಲ ಅನ್ಸುತ್ತೆ, ಮಾರಿಬಿಡ್ಲಾ?” ಅಂದರು. (ಕಾರ್ಡ್ ಎಂದರೆ ಹಲವು ತಂತಿಗಳಲ್ಲಿ ಒಟ್ಟಿಗೆ ನುಡಿಸುವ ಸ್ವರಗುಚ್ಛ.)

ತಂತಿಗಳ ಕೆಳಗೆ ಅಡ್ಡಲಾಗಿರುವ ಲೋಹದ ಪಟ್ಟಿಗಳೇ ಫ್ರೆಟ್. ಎರಡು ಮತ್ತು ಮೂರನೇ ಫ್ರೆಟ್ಟಿನ ನಡುವೆ ತಂತಿ ಒತ್ತಿ ಹಿಡಿದು, ಮೊದಲ ಫ್ರೆಟ್ಟಿನ ಮೇಲೆ ಕಣ್ಣು ಹಾಯಿಸಿದೆ. ಅಲ್ಲಿ ತಂತಿಯ ಕೆಳಗೆ ಕೂದಲೆಳೆಯಷ್ಟು ಜಾಗ ಇದ್ದರೆ ಸಾಕು. ಅವರದ್ದರಲ್ಲಿ ರಟ್ಟನ್ನೇ ತೂರಿಸಬಹುದಿತ್ತು! ನೆಕ್ಕಿನ ತಲೆಯ ಬಳಿ ತಂತಿಗಳು ಕೂರುವ ಸಣ್ಣ ಪಟ್ಟಿ, ಅಂದರೆ ನಟ್ಟಿನ, ತೋಡುಗಳನ್ನು ಬೇಕಾದಷ್ಟು ಆಳಕ್ಕೆ ಕೊರೆದಿರಲಿಲ್ಲ. ಹೀಗಾದಾಗ ಮೊದಲ ಫ್ರೆಟ್ಟುಗಳಲ್ಲಿ ಒತ್ತುವುದಕ್ಕೆ ಎರಡರಷ್ಟು ಕಷ್ಟಪಟ್ಟಂತೆ ಅನಿಸುತ್ತದೆ. ಒತ್ತಿದರೂ ತಂತಿ ಅತಿಯಾಗಿ ಎಳೆದು ಸ್ವರ ಮೇಲೇರುತ್ತದೆ. ಒತ್ತದೆ ಬಿಟ್ಟ ತಂತಿಗಳನ್ನು ಎಷ್ಟೇ ಶ್ರುತಿ ಮಾಡಿದರೂ ಕಾರ್ಡ್ ಮಾತ್ರ ಅಪಸ್ವರ. ಸಣ್ಣ ಅರ ಹಿಡಿದು ಸ್ವಲ್ಪ ಹೊತ್ತು ಉಜ್ಜಿದ ಮೇಲೆ ಸರಿಹೋಯಿತು. ಆರು ತಿಂಗಳು ಅವರು ತಮ್ಮ ಕೈಯನ್ನೇ ದೂರಿಕೊಂಡರಲ್ಲ ಎಂಬ ಬೇಸರ ನನಗೆ ಇನ್ನೂ ಹೋಗಿಲ್ಲ.

ಅಗ್ಗದ ಗಿಟಾರ್ ಅಂದರೆ ಕೆಟ್ಟ ಗಿಟಾರ್ ಅಲ್ಲ. ಫೆಂಡರ್‌ನವರದೇ ಸ್ಕ್ವೈರ್, ಗಿಬ್ಸನ್‌ನವರದೇ ಎಪಿಫೋನ್, ಯಮಾಹಾದ ಪೆಸಿಫಿಕಾ, ಇವುಗಳಲ್ಲಿ ಚೆನ್ನಾಗಿ ನುಡಿಯುವ ವಾದ್ಯಗಳನ್ನು ಎಷ್ಟೋ ನೋಡಿದ್ದೇನೆ. ಮರ ಕತ್ತರಿಸುವುದನ್ನು ಈಗ ಯಂತ್ರ ಕರಾರುವಾಕ್ಕಾಗಿ ಮಾಡುತ್ತದೆ. ಹಣ ಉಳಿಸಲು ಕಡಿತಗೊಳ್ಳುವುದು ಕೊನೆಯ ಕೈಕೆಲಸ: ಫ್ರೆಟ್ ಸಮ ಮಾಡುವುದು, ತುದಿ ನಯಗೊಳಿಸುವುದು, ನಟ್ ಕೊರೆಯುವುದು. ಒಂದೇ ಮಾದರಿಯ ಎರಡು ಗಿಟಾರ್‌ಗಳ ನಡುವೆ ವ್ಯತ್ಯಾಸ ಕಾಣುವುದೂ ಅಲ್ಲೇ. ಹಾಗಾಗಿ ಮಾದರಿಯ ಹೆಸರಿಗಿಂತ ಕೈಗೆ ಬಂದ ಆ ಒಂದು ಗಿಟಾರನ್ನು ಪರೀಕ್ಷಿಸಿ.

ಅಂಗಡಿಯಲ್ಲಿ ಸದ್ದು ಹೆಚ್ಚಿಸುವ ಆಂಪ್‌ಗೆ ಜೋಡಿಸುವ ಮುನ್ನ ನೆಕ್ಕಿನ (ಎಡಗೈ ಹಿಡಿಯುವ ಉದ್ದನೆಯ ಭಾಗದ) ಅಂಚಿನ ಮೇಲೆ ಅಂಗೈ ಸವರಿ. ಫ್ರೆಟ್ ತುದಿಗಳು ಚುಚ್ಚಿದರೆ ಮರ ಒಣಗಿ ಕುಗ್ಗಿರಬಹುದು. ಇದನ್ನು ಉಜ್ಜಿ ಸರಿಪಡಿಸಬಹುದು. ಆಮೇಲೆ ದಪ್ಪ ತಂತಿಯನ್ನು ಮೊದಲ ಮತ್ತು ಕೊನೆಯ ಫ್ರೆಟ್ಟಿನಲ್ಲಿ ಒಟ್ಟಿಗೆ ಒತ್ತಿ. ಏಳೆಂಟನೇ ಫ್ರೆಟ್ಟಿನ ಮೇಲೆ ತೆಳು ಕಾಗದದ ಒಂದೆರಡು ಪದರದಷ್ಟು ಸಂದು ಕಂಡರೆ ಒಳ್ಳೆಯದು. ಬಾಗು ಹೆಚ್ಚಿದ್ದರೆ ನೆಕ್ಕಿನೊಳಗಿನ ಲೋಹದ ಸಲಾಕೆ, ಅಂದರೆ ಟ್ರಸ್ ರಾಡ್ ತಿರುಗಿಸಿ ಸರಿಮಾಡಬಹುದು, ಆದರೆ ನೆಕ್ ತಿರುಚಿಕೊಂಡಿದ್ದರೆ ಅದಕ್ಕೆ ಸುಲಭದ ಮದ್ದಿಲ್ಲ. ಅಂಥದ್ದನ್ನು ಎಷ್ಟು ರಿಯಾಯಿತಿ ಕೊಟ್ಟರೂ ಬಿಟ್ಟುಬಿಡಿ. ಕೊನೆಗೆ ಪ್ರತಿ ತಂತಿಯ ಪ್ರತಿ ಫ್ರೆಟ್ಟನ್ನೂ ನುಡಿಸಿ. ಎಲ್ಲೋ ಒಂದೇ ಕಡೆ ಝರ್ ಎಂದರೆ ಅಥವಾ ಸ್ವರ ಸತ್ತಂತೆ ಕೇಳಿದರೆ ಅಲ್ಲಿಯ ಫ್ರೆಟ್ ಏರುಪೇರಾಗಿದೆ. ಹಿಂಜರಿಯಬೇಡಿ, ಇದಕ್ಕೆ ಹತ್ತು ನಿಮಿಷ ಸಾಕು.

ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್ ಬಗ್ಗೆ ಇಷ್ಟೊಂದು ತಲೆಕೆಡಿಸಿಕೊಳ್ಳಬೇಕಿಲ್ಲ, ಅದನ್ನು ಮುಂದೆ ಬದಲಿಸಬಹುದು. ಒಂದೇ ಸುರುಳಿಯ ಸಿಂಗಲ್ ಕಾಯಿಲ್‌ನ ನಾದ ತಿಳಿಯಾದದ್ದು, ಆದರೆ ವಿದ್ಯುತ್ತಿನ ಗುಂಯ್ ಎನ್ನುವ ಸದ್ದನ್ನೂ ಅದು ಹಿಡಿಯುತ್ತದೆ. 1955ರಲ್ಲಿ ಗಿಬ್ಸನ್‌ನ ಸೇತ್ ಲವರ್ ರೂಪಿಸಿದ ಹಂಬಕರ್ ಪಿಕಪ್‌ನಲ್ಲಿ ಎರಡು ಸುರುಳಿಗಳು ಆ ಸದ್ದನ್ನು ಪರಸ್ಪರ ಅಳಿಸುತ್ತವೆ. ಜೋರು ಡಿಸ್ಟಾರ್ಷನ್ (ಬೇಕೆಂದೇ ಒರಟಾಗಿಸಿದ ನಾದ) ಇಷ್ಟಪಡುವವರಿಗೆ ಅದೇ ವಾಸಿ. ದೇಹದ ಮರ ಯಾವುದು ಎಂಬ ಚರ್ಚೆಯನ್ನಂತೂ ಈ ಬೆಲೆಯಲ್ಲಿ ಪಕ್ಕಕ್ಕಿಡಿ.

ತಂತಿಯ ಉದ್ದ ಮಾತ್ರ ಕೈಗೆ ತಿಳಿಯುತ್ತದೆ. ಫೆಂಡರ್ ಕಂಪನಿಯ ಸ್ಟ್ರಾಟ್ ಮಾದರಿಯಲ್ಲಿ ನಟ್ಟಿನಿಂದ ಬ್ರಿಡ್ಜಿಗೆ (ದೇಹದ ಮೇಲೆ ತಂತಿಗಳನ್ನು ಹೊತ್ತಿರುವ ಭಾಗಕ್ಕೆ) ಸುಮಾರು 648 ಮಿಲಿಮೀಟರ್, ಗಿಬ್ಸನ್ ಕಂಪನಿಯ ಲೆಸ್ ಪಾಲ್ ಮಾದರಿಯಲ್ಲಿ ಸುಮಾರು 628. ಅದೇ ತಂತಿ, ಅದೇ ಶ್ರುತಿಯಿದ್ದರೂ ಗಿಡ್ಡದ್ದರಲ್ಲಿ ಬಿಗಿ ಕಡಿಮೆ. ಚಿಕ್ಕ ಕೈಯವರಿಗೆ ಬೆಂಡ್ (ತಂತಿಯನ್ನು ಪಕ್ಕಕ್ಕೆ ತಳ್ಳಿ ಸ್ವರ ಏರಿಸುವುದು) ಸಲೀಸು. ಬ್ರಿಡ್ಜ್ ಸ್ಥಿರವಾಗಿರಲಿ. ತೇಲುವ ಟ್ರೆಮೊಲೊದಲ್ಲಿ (ಸ್ಪ್ರಿಂಗ್ ಮೇಲೆ ಅಲುಗಾಡುವ ಬ್ರಿಡ್ಜಿನಲ್ಲಿ) ಒಂದು ತಂತಿ ಬಿಗಿದರೆ ಉಳಿದ ಐದೂ ಇಳಿಯುತ್ತವೆ. ಕಲಿಯುವವರ ಅರ್ಧ ಸಂಜೆ ಶ್ರುತಿ ಮಾಡುವುದರಲ್ಲೇ ಹೋಗುತ್ತದೆ.

ಕೈಯಲ್ಲಿರುವ ಹಣವನ್ನೆಲ್ಲ ಗಿಟಾರಿಗೇ ಸುರಿಯಬೇಡಿ. ಸೆಟಪ್‌ಗೆ, ಸಾಧಾರಣ ಆಂಪ್‌ಗೆ ಒಂದಿಷ್ಟು ತೆಗೆದಿಡಿ. ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಗೀರು, ಬಣ್ಣ ಹೋದದ್ದನ್ನು ನೋಡಬೇಡಿ, ಮೊದಲ ಐದು ಫ್ರೆಟ್ಟುಗಳಲ್ಲಿ ತಂತಿ ಕೊರೆದ ಗುಳಿಗಳನ್ನು ನೋಡಿ. ಅವು ಆಳವಾಗಿದ್ದರೆ ಫ್ರೆಟ್ ಬದಲಿಸಬೇಕಾಗುತ್ತದೆ. ಆ ಖರ್ಚು ಎಷ್ಟೋ ಸಲ ಗಿಟಾರಿನ ಬೆಲೆಯನ್ನೇ ಮೀರುತ್ತದೆ.