ಪದ ಪರಿಚಯ: ಎಇ, ಅರ್ಥಾತ್ ಅಗ್ರೆಸಿವ್ ಎಕ್ಸ್‌ಪ್ಯಾನ್ಷನ್

ಗ್ರ್ಯಾಂಡ್ ಸ್ಟ್ರಾಟಜಿ, ಅಂದರೆ ನಕಾಶೆಯ ಮೇಲೆ ಇಡೀ ರಾಜ್ಯವನ್ನೇ ನಡೆಸುವ ಕಂಪ್ಯೂಟರ್ ಗೇಮ್ ಆಡುವವರ ನಡುವೆ ಅರ್ಧ ಗಂಟೆ ಕೂತರೆ ‘ಎಇ’ ಎಂಬ ಎರಡಕ್ಷರ ಕಿವಿಗೆ ಬೀಳದೆ ಇರುವುದಿಲ್ಲ. ‘ಎಇ ಜಾಸ್ತಿ ಆತು ನೋಡು’, ‘ಎಇ ಇಳೀಲಿ ತಡಿಯಲೇ’, ‘ಇಷ್ಟು ಎಇ ಇಟ್ಕಂಡು ಮತ್ತೆ ಯುದ್ಧನಾ?’ ಪೂರ್ತಿ ಹೆಸರು ಅಗ್ರೆಸಿವ್ ಎಕ್ಸ್‌ಪ್ಯಾನ್ಷನ್. ನೀವು ಯುದ್ಧ ಗೆದ್ದು ನೆಲ ಕಿತ್ತುಕೊಂಡಾಗ ಸುತ್ತಲಿನ ರಾಜ್ಯಗಳಿಗೆ ‘ಇವತ್ತು ಅವರದು, ನಾಳೆ ನಮ್ಮದು’ ಎಂಬ ದಿಗಿಲು ಹುಟ್ಟುತ್ತದಲ್ಲ, ಆ ದಿಗಿಲಿಗೆ ಗೇಮ್ ಹಾಕುವ ಅಂಕಿ ಇದು.

ಪದ ಇಷ್ಟು ಚಾಲ್ತಿಗೆ ಬಂದದ್ದು ಯುರೋಪಾ ಯೂನಿವರ್ಸಾಲಿಸ್ 4ರಿಂದ. ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿರುವ ಪ್ಯಾರಡಾಕ್ಸ್ ಕಂಪನಿ 2013ರಲ್ಲಿ ಬಿಡುಗಡೆ ಮಾಡಿದ ಗೇಮ್. ಕಥೆ ಶುರುವಾಗುವುದು 1444ರ ನವೆಂಬರ್ 11ರಂದು, ವಾರ್ನಾ ಕದನದಲ್ಲಿ ಆಟೊಮನ್ ತುರ್ಕರು ಗೆದ್ದ ಮಾರನೇ ದಿನ, ಮುಗಿಯುವುದು 1821ಕ್ಕೆ. ಹೆಸರಿನಲ್ಲಿ ಯುರೋಪು ಇದ್ದರೂ ನಕಾಶೆ ಇಡೀ ಪ್ರಪಂಚದ್ದು. ದಾವಣಗೆರೆ, ಚಿತ್ರದುರ್ಗದ ಹುಡುಗರು ಇದನ್ನು ಮೊದಲ ಸಲ ತೆರೆದರೆ ಮೌಸ್ ಹೋಗುವುದು ಪ್ಯಾರಿಸ್ಸಿಗಲ್ಲ, ತುಂಗಭದ್ರೆಯ ದಂಡೆಗೆ. ಅಲ್ಲಿ ವಿಜಯನಗರ, ಅದರ ನೆತ್ತಿಯ ಮೇಲೆ ಬಹಮನಿ. 1444 ಅಂದರೆ ಪ್ರೌಢದೇವರಾಯನ ಕಾಲ. ಪರ್ಷಿಯಾದಿಂದ ಬಂದ ಅಬ್ದುಲ್ ರಜಾಕ್ ಹಂಪಿ ನೋಡಿ ಬೆರಗಾಗಿದ್ದು ಅದರ ಹಿಂದಿನ ವರ್ಷ. ಆಡಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುವುದು ಕಷ್ಟ.

ಎಇ ಲೆಕ್ಕ ಹೀಗೆ. ಅಂಕಿ ನಿಮ್ಮ ಹೆಸರಿಗೆ ಒಂದೇ ಕಡೆ ಬರೆದಿಟ್ಟದ್ದಲ್ಲ. ಒಂದೇ ಬೀದಿಯ ನಾಲ್ಕು ಕಿರಾಣಿ ಅಂಗಡಿಗಳಲ್ಲಿ ನಿಮ್ಮ ಉದ್ರಿ ಬೇರೆ ಬೇರೆ ಇದ್ದ ಹಾಗೆ, ಒಂದೊಂದು ರಾಜ್ಯವೂ ತನ್ನದೇ ಖಾತೆ ಇಟ್ಟಿರುತ್ತದೆ. ನೀವು ತಿಂದ ಪ್ರಾಂತ್ಯ ಎಷ್ಟು ಸಮೃದ್ಧವೋ ಅಷ್ಟು ಹೆಚ್ಚು ಏರುತ್ತದೆ. ಹತ್ತಿರದವರಿಗೆ ಹೆಚ್ಚು, ದೂರದವರಿಗೆ ಕಡಿಮೆ. ಸೋತವನ ಧರ್ಮದವರಿಗೆ, ಅವನ ಸಂಸ್ಕೃತಿಯ ಬಳಗದವರಿಗೆ ಇನ್ನಷ್ಟು ಉರಿ. ವಿಜಯನಗರದವನು ಮಲಬಾರಿನ ಒಂದು ಪುಟ್ಟ ರಾಜ್ಯವನ್ನು ನುಂಗಿದರೆ ಪಕ್ಕದ ಕೊಚ್ಚಿ ಕಿಡಿಕಿಡಿಯಾಗುತ್ತದೆ. ಪೋಲೆಂಡ್‌ಗೆ ಅದರ ಗೊಡವೆಯೇ ಇಲ್ಲ.

ಯಾವ ನೆಪದಿಂದ ಯುದ್ಧ ಮಾಡಿದಿರಿ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಹಿಂದೆ ನಿಮ್ಮದೇ ಆಗಿದ್ದ ನೆಲವನ್ನು ವಾಪಸ್ ಪಡೆಯುವ ಯುದ್ಧವಾದರೆ ಮಾಮೂಲಿ ದಂಡಯಾತ್ರೆಯ ಕಾಲು ಭಾಗದಷ್ಟು ಎಇ ಮಾತ್ರ. ‘ಅದು ನಮ್ಮಜ್ಜನ ಹೊಲ’ ಎಂದರೆ ಊರು ಸ್ವಲ್ಪ ಸುಮ್ಮನಾಗುತ್ತದೆ ಅನ್ನುವುದು ಸ್ವೀಡನ್ನಿನವರಿಗೂ ಗೊತ್ತಿದೆ.

ಅಂಕಿ 50 ದಾಟಿತೋ, ಕಾದಿದೆ ಗ್ರಹಚಾರ. ನಿಮ್ಮ ಮೇಲೆ ಸಿಟ್ಟಾದ ರಾಜ್ಯಗಳು ಸೇರಿ ಕೋಯಲಿಷನ್ ಕಟ್ಟುತ್ತವೆ, ಅಂದರೆ ನಿಮ್ಮೊಬ್ಬರ ವಿರುದ್ಧದ ಕೂಟ. ಈ ಕೂಟದಲ್ಲಿ ಒಬ್ಬನನ್ನು ಮುಟ್ಟಿದರೆ ಎಲ್ಲರೂ ಬರುತ್ತಾರೆ. ಒಬ್ಬೊಬ್ಬನನ್ನೇ ಪಕ್ಕಕ್ಕೆ ಕರೆದು ಸಂಧಿ ಮಾಡಿ ಕಳಿಸುವಂತಿಲ್ಲ. ಲೆಕ್ಕ ಚುಕ್ತಾ ಆಗಬೇಕಾದ್ದು ಒಟ್ಟಿಗೇ. ಒಂದು ಸಂದು ಮಾತ್ರ ಉಂಟು: ಯಾರ ಜೊತೆ ನಿಮಗೆ ಟ್ರೂಸ್, ಅಂದರೆ ಯುದ್ಧ ಮುಗಿದ ಮೇಲಿನ ಕದನವಿರಾಮ, ಇದೆಯೋ ಅವರು ಕೂಟ ಸೇರುವಂತಿಲ್ಲ. ಅದು 5ರಿಂದ 15 ವರ್ಷ ಇರುತ್ತದೆ. ಪಳಗಿದ ಆಟಗಾರರು ಸುತ್ತಲಿನವರ ಜೊತೆ ಸರದಿಯಂತೆ ಜಗಳ ಕಾಯುವುದು ಇದಕ್ಕೇ.

ಇದು ಗೇಮ್ ಕಂಪನಿಯವರು ಕೂತು ಹೊಸೆದ ಕಲ್ಪನೆ ಅಂದುಕೊಳ್ಳಬೇಡಿ. ದಾವಣಗೆರೆಯಿಂದ ಚಿಕ್ಕಜಾಜೂರು ಕಡೆ ರೈಲಿನಲ್ಲಿ ಹೋದರೆ ಮಾಯಕೊಂಡ ಸ್ಟೇಷನ್ ಸಿಗುತ್ತದೆ. ಸುಮಾರು 1748ರಲ್ಲಿ ಅಲ್ಲಿ ಚಿತ್ರದುರ್ಗದ ಹಿರೇ ಮದಕರಿ ನಾಯಕನಿಗೆ ಎದುರಾಗಿ ನಿಂತವರು ಯಾರ‍್ಯಾರು ಅಂದರೆ ಹರಪನಹಳ್ಳಿ, ರಾಯದುರ್ಗ, ಬಿದನೂರು, ಸವಣೂರು. ಇವರೇನು ತಮ್ಮತಮ್ಮಲ್ಲಿ ಹಾಲುಜೇನಿನಂತೆ ಇದ್ದವರಲ್ಲ. ಪಾಳೆಯಗಾರರು, ಅರಸರು, ನವಾಬ. ಭಾಷೆ ಬೇರೆ, ಧರ್ಮ ಬೇರೆ, ಗಡಿ ತಕರಾರು ತಲೆಮಾರಿನದು. ದುರ್ಗ ಬೆಳೆದದ್ದು ಎಲ್ಲರಿಗೂ ಕಣ್ಣುರಿಯಾಗಿತ್ತು, ಆ ಒಂದು ಕಾರಣಕ್ಕೆ ಒಂದಾದರು. ನಾಯಕ ಆನೆಯಂಥ ಆಳು, ಕೋಟೆ ಏಳು ಸುತ್ತಿನದು, ಆದರೂ ಕೋಟೆಯಿಂದ ಅಷ್ಟು ದೂರದ ಬಯಲಿನಲ್ಲಿ ನಾಲ್ಕು ಸೈನ್ಯಕ್ಕೆ ಒಟ್ಟಿಗೆ ಎದೆ ಕೊಡಬೇಕಾಯಿತು. ಅಲ್ಲೇ ಮಡಿದ. ಮಾಯಕೊಂಡವನ್ನು ಮತ್ತೆ ದಕ್ಕಿಸಿಕೊಂಡವನು ಅವನ ನಂತರ ಪಟ್ಟಕ್ಕೆ ಬಂದ ಕಸ್ತೂರಿ ರಂಗಪ್ಪ ನಾಯಕ.

ಕೋಯಲಿಷನ್ ಅಂದರೇನು ಎಂದು ಕೇಳಿದವರಿಗೆಲ್ಲ 1565ರ ರಕ್ಕಸತಂಗಡಿ ತೋರಿಸುವುದು ರೂಢಿ. ಅದೂ ಸರಿಯೇ: ಸುಲ್ತಾನರನ್ನು ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟಿ ಆಡಿಸುತ್ತಿದ್ದ ರಾಮರಾಯನ ಮೇಲೆ ಅವರೇ ಒಂದಾಗಿ ಬಿದ್ದರು. ಆದರೆ ನನ್ನನ್ನು ಕೇಳಿದರೆ ಎಇ ಅರ್ಥವಾಗಲು ಮಾಯಕೊಂಡವೇ ಮೇಲು. ರಕ್ಕಸತಂಗಡಿಯಲ್ಲಿ ಸಾಮ್ರಾಜ್ಯದ ಗದ್ದಲ ಜಾಸ್ತಿ. ಮಾಯಕೊಂಡದಲ್ಲಿ ಎಲ್ಲ ಅಕ್ಕಪಕ್ಕದವರು. ಗೇಮ್‌ನಲ್ಲಿ ಹೆಚ್ಚಿನ ಕೂಟಗಳೂ ಹೀಗೇ, ದೊಡ್ಡ ದೇಶದ ಸುತ್ತ ಮುತ್ತಿದ ಸಣ್ಣಪುಟ್ಟವರದು.

ಇಷ್ಟು ಕಂಪ್ಯೂಟರ್ ಜೊತೆ ಒಬ್ಬರೇ ಆಡುವಾಗಿನ ಮಾತು. ಗೆಳೆಯರೆಲ್ಲ ಸೇರಿ ಮಲ್ಟಿಪ್ಲೇಯರ್ ಆಡಲು ಕೂತರೆ ಪದದ ಅರ್ಥವೇ ಬೇರೆಯಾಗುತ್ತದೆ. ಈ ಗೇಮ್‌ನಲ್ಲಿ ಒಟ್ಟಿಗೆ 32 ಜನ ಆಡಬಹುದು. ನಮ್ಮಲ್ಲಿ ಆರೇಳು ಮಂದಿ ಸೇರಿದರೆ ಅದೇ ಜಾತ್ರೆ. ಶನಿವಾರ ರಾತ್ರಿ ಊಟ ಆದ ಮೇಲೆ ಡಿಸ್ಕಾರ್ಡ್ ಆ್ಯಪ್‌ನಲ್ಲಿ ಎಲ್ಲರ ಕಾಲ್. ಹೋಸ್ಟ್ ಮಾಡುವವನ, ಅಂದರೆ ಆಟ ನಡೆಸಿಕೊಡುವವನ, ಹತ್ತಿರ ಡಿಎಲ್‌ಸಿ (ಗೇಮ್‌ಗೆ ಬೇರೆ ದುಡ್ಡು ಕೊಟ್ಟು ಕೊಳ್ಳುವ ಹೆಚ್ಚುವರಿ ಭಾಗ) ಇದ್ದರೆ ಆ ಹೊತ್ತಿಗೆ ಉಳಿದವರಿಗೂ ಸಿಗುತ್ತದೆ, ಹಾಗಾಗಿ ದುಡ್ಡು ಹಾಕುವವನು ಒಬ್ಬನೇ. ವಿದ್ಯಾನಗರದಲ್ಲೊಬ್ಬ, ಪಿ.ಜೆ. ಬಡಾವಣೆಯಲ್ಲೊಬ್ಬ, ದುರ್ಗದಲ್ಲಿಬ್ಬರು, ಬೆಂಗಳೂರಿನ ಪಿಜಿಯಲ್ಲೊಬ್ಬ. ಆ ಹೊತ್ತಿಗೆ ಯಾರಿಗೂ ಸ್ವಂತ ಹೆಸರಿಲ್ಲ, ಆಡುವ ದೇಶವೇ ಹೆಸರು. ‘ಏ ಆಟೊಮನ್, ಮೈಕ್ ಆಫ್ ಮಾಡಲೇ, ನಿಮ್ಮಮ್ಮ ಬೈಯೋದು ಕೇಳಿಸ್ತೈತಿ.’

ಇಲ್ಲಿ ಎಇ ಹೇಗೆ ಕೆಲಸ ಮಾಡುತ್ತದೆ? ಕಂಪ್ಯೂಟರ್ ನಡೆಸುವ ರಾಜ್ಯಗಳಿಗೆ ಅಂಕಿ ಹಾಗೇ ಅನ್ವಯ. ಮನುಷ್ಯರಿಗೆ ಅದು ಲೆಕ್ಕಕ್ಕಿಲ್ಲ. ನಿಮ್ಮ ಅಂಕಿ ಸೊನ್ನೆ ಇದ್ದರೂ ಮೂವರು ಗೆಳೆಯರು ಸೇರಿ ನಿಮ್ಮನ್ನು ಕೆಡವಬಹುದು, ಇನ್ನೂರಿದ್ದರೂ ‘ಅವನು ನಮ್ಮೋನು’ ಎಂದು ಬಿಟ್ಟುಬಿಡಬಹುದು. ಒಂದು ಸಂಜೆಯ ಮಾತು ಕೇಳಿ. ವಿಜಯನಗರದವನು ಮಲಬಾರು ಮುಗಿಸಿ ಒರಿಸ್ಸಾಕ್ಕೆ ಕೈ ಹಾಕಿದ್ದ.

‘ಏನಲೇ ವಿಜಯನಗರ, ಒರಿಸ್ಸಾನೂ ನುಂಗಿದ್ಯಾ?’

‘ಕಂಪ್ಯೂಟರ್ ದೇಶ ಅಲ್ಲೇನಲೇ ಅದು. ನಿಂಗೇನು ಸಂಕಟ?’

‘ನಂಗೇನಿಲ್ಲಪ್ಪ. ಸುಮ್ನೆ ಕೇಳ್ದೆ.’

ಕೇಳಿದವನು ಬಹಮನಿ. ಆ ‘ಸುಮ್ನೆ ಕೇಳ್ದೆ’ ಅನ್ನುವುದಿದೆಯಲ್ಲ, ಮಲ್ಟಿಪ್ಲೇಯರ್‌ನಲ್ಲಿ ಎಇ ಅಂದರೆ ಅದೇ. ಪರದೆಯ ಮೇಲೆ ಎಲ್ಲೂ ಕಾಣುವುದಿಲ್ಲ, ಮೌಸ್ ಇಟ್ಟು ಓದಲು ಬರುವುದಿಲ್ಲ. ಮುಂದಿನ ವಾರ ವಿಜಯನಗರವಿಲ್ಲದ ಇನ್ನೊಂದು ವಾಟ್ಸಾಪ್ ಗ್ರೂಪು ಹುಟ್ಟಿತ್ತು, ಅದರಲ್ಲಿ ರಾಯಚೂರು ಯಾರಿಗೆ, ಗೋವೆ ಯಾರಿಗೆ ಎಂಬುದೂ ನಿಕ್ಕಿಯಾಗಿತ್ತು. ಬಂಗಾಳದವನಿಗೂ ಪಾಲು. ಬಂಗಾಳಕ್ಕೂ ರಾಯಚೂರಿಗೂ ಏನು ಸಂಬಂಧ ಎಂದು ಯಾರೂ ಕೇಳಲಿಲ್ಲ.

ಗೇಮ್ ಮನುಷ್ಯರ ಮೇಲೆ ಹೇರುವ ಶಿಕ್ಷೆಗಳೂ ಇವೆ. ನೆಪವಿಲ್ಲದೆ ಯುದ್ಧ ಹೂಡಿದರೆ ರಾಜ್ಯದ ಸ್ಥಿರತೆ 2 ಅಂಕ ಕುಸಿಯುತ್ತದೆ. ಕದನವಿರಾಮ ಮುರಿದರೆ 5. ಸ್ಥಿರತೆಯ ಅಳತೆಯೇ ಕೆಳಗೆ 3, ಮೇಲೆ 3, ಅಷ್ಟೇ. ಹಾಗಾಗಿ 5 ಅಂದರೆ ದೇಶವೇ ದಂಗೆಗೆ ಸಿದ್ಧ. ಆದರೆ ಮಾತು ಕೊಟ್ಟು ತಪ್ಪಿದ್ದಕ್ಕೆ ಗೇಮ್‌ನಲ್ಲಿ ದಂಡವಿಲ್ಲ. ಆ ಜಾಗವನ್ನು ಗುಂಪುಗಳು ತಮ್ಮದೇ ಕಟ್ಟಳೆಗಳಿಂದ ತುಂಬಿಕೊಳ್ಳುತ್ತವೆ: ಮೊದಲ ಕೆಲವು ದಶಕ ಮನುಷ್ಯರು ಮನುಷ್ಯರ ಮೇಲೆ ಬೀಳುವಂತಿಲ್ಲ, ಒಬ್ಬನ ಮೇಲೆ ಇಬ್ಬರಿಗಿಂತ ಹೆಚ್ಚು ಹೋಗುವಂತಿಲ್ಲ, ಕರೆಂಟ್ ಹೋಗಿ ಯಾರಾದರೂ ಕಳಚಿಕೊಂಡರೆ ಬರುವವರೆಗೆ ಆಟ ನಿಲ್ಲಿಸಿಡಬೇಕು. ಎರಡನೇ ಕಟ್ಟಳೆ ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ಕೂಟ ಕಟ್ಟಲು ಬಿಡದಿದ್ದರೆ ದೊಡ್ಡವನು ದೊಡ್ಡವನಾಗುತ್ತಲೇ ಹೋಗುತ್ತಾನೆ, ಉಳಿದವರು ಮೂರನೇ ವಾರಕ್ಕೆ ‘ಸ್ವಲ್ಪ ಕೆಲಸ ಐತಿ’ ಅನ್ನಲು ಶುರು ಮಾಡುತ್ತಾರೆ.

ಇದೇ ವಿಚಾರ ಬೇರೆ ಗೇಮ್‌ಗಳಲ್ಲಿ ಬೇರೆ ಹೆಸರಿನಲ್ಲಿ ಬರುತ್ತದೆ. ಯುರೋಪಾ ಯೂನಿವರ್ಸಾಲಿಸ್‌ನ ಹಳೆಯ ಭಾಗಗಳನ್ನು ಆಡಿದವರು ಇದನ್ನು ಬ್ಯಾಡ್‌ಬಾಯ್ ಎನ್ನುತ್ತಿದ್ದರು. 1836ರಿಂದ 1936ರವರೆಗಿನ ವಿಕ್ಟೋರಿಯಾ 3ರಲ್ಲಿ ಇನ್‌ಫಮಿ. ಎರಡನೇ ಮಹಾಯುದ್ಧದ ಹಾರ್ಟ್ಸ್ ಆಫ್ ಐರನ್ 4ರಲ್ಲಿ ವರ್ಲ್ಡ್ ಟೆನ್ಷನ್. ಅದು ಒಬ್ಬರ ಖಾತೆಯಲ್ಲ, ಇಡೀ ಜಗತ್ತಿಗೆ ಒಂದೇ ಅಂಕಿ. ಅದು ಏರುವವರೆಗೆ ಪ್ರಜಾಪ್ರಭುತ್ವದ ದೇಶಗಳಿಗೆ ಕೈಕಟ್ಟಿದ ಸ್ಥಿತಿ. 2025ರ ನವೆಂಬರಿನಲ್ಲಿ ಬಂದ ಯುರೋಪಾ ಯೂನಿವರ್ಸಾಲಿಸ್ 5ರಲ್ಲಿ ಎಇ ಜಾಗಕ್ಕೆ ಆಂಟಾಗನಿಸಂ ಬಂದಿದೆ. ಈ ಗೇಮ್ ಶುರುವಾಗುವುದು 1337ಕ್ಕೆ, ಅಂದರೆ ವಿಜಯನಗರ ಹುಟ್ಟಿತೆಂದು ಹೇಳುವ 1336ರ ಮರುವರ್ಷ. ಹೆಸರು ಬದಲಾದರೂ ನಮ್ಮ ಹುಡುಗರ ಬಾಯಲ್ಲಿ ಈಗಲೂ ಎಇ ಎಂದೇ ಓಡುತ್ತಿದೆ.

ಎಇ ಕಾಲಕ್ರಮೇಣ ತಾನೇ ಇಳಿಯುತ್ತದೆ. ಯುದ್ಧವಿಲ್ಲದ ವರ್ಷಗಳಲ್ಲಿ ಸ್ವಲ್ಪ ಸ್ವಲ್ಪ ಕರಗುತ್ತದೆ. ಹಾಗಾಗಿ ತಿಂದದ್ದು ಅರಗುವವರೆಗೆ ಮಾರುಕಟ್ಟೆ, ದೇವಸ್ಥಾನ ಕಟ್ಟಿಸಿಕೊಂಡು ಕಾಯುವುದು, ಸೋತವನನ್ನು ಪೂರ್ತಿ ನುಂಗದೆ ಸಾಮಂತನಾಗಿ ಇಟ್ಟುಕೊಂಡು ಅವನ ಹಳೆಯ ನೆಲವನ್ನು ಅವನ ಹೆಸರಿನಲ್ಲೇ ಗೆದ್ದುಕೊಡುವುದು, ಇವೆಲ್ಲ ಬಲ್ಲವರ ದಾರಿ. ಹೊಸ ಕ್ಯಾಂಪೇನ್, ಅಂದರೆ ಮೊದಲಿಂದ ಹೊಸ ಆಟ, ತೆರೆದರಂತೂ ಎಲ್ಲ ಸೊನ್ನೆ. ಗೆಳೆಯರ ಖಾತೆ ಹಾಗಲ್ಲ, ಹಳೆಯ ಬಾಕಿ ಹೊಸ ಆಟಕ್ಕೂ ಬರುತ್ತದೆ. ರಾಯಚೂರು ಕಳಕೊಂಡ ಆ ವಿಜಯನಗರದವನು ಈ ಸಲ ಯಾರ ತಂಟೆಯೂ ಬೇಡವೆಂದು ಪೋರ್ಚುಗಲ್ ತಗೊಂಡ, ಹಡಗು ಕಟ್ಟಿಕೊಂಡು ಬ್ರೆಜಿಲ್‌ಗೆ ಹೋಗುತ್ತೇನೆ ಎಂದ. ಪಕ್ಕದ ಕ್ಯಾಸ್ಟೀಲ್ (ಈಗಿನ ಸ್ಪೇನ್‌ನಲ್ಲಿದ್ದ ರಾಜ್ಯ) ಸಿಕ್ಕಿದ್ದು ಹಳೇ ಬಹಮನಿಗೆ. ಅವನು ಮೊದಲ ಸಂಜೆಯೇ ಖಜಾನೆ ಖಾಲಿ ಮಾಡಿ ಪೋರ್ಚುಗಲ್ ಗಡಿಯಲ್ಲಿ ಕೋಟೆ ಕಟ್ಟಿಸಲು ಶುರು ಮಾಡಿದ್ದಾನೆ. ಯಾಕಲೇ ಅಂದರೆ, ‘ಸುಮ್ನೆ.’