ಬಟನ್ ಒಳಗೆ ಸಿಕ್ಕಿಕೊಂಡ ತೆರಿಗೆ ಲೆಕ್ಕ

2017ರ ಜುಲೈ 1ರಂದು ಜಿಎಸ್‌ಟಿ ಬಂತು. ಕೋಲಾರದ ಗೊಬ್ಬರ, ಕೀಟನಾಶಕದ ಅಂಗಡಿಗಳ ಬಿಲ್‌ನಲ್ಲಿ ವ್ಯಾಟ್ ಹೋಗಿ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಅಂತ ಎರಡು ಸಾಲು ಬಂದವು. ರೈತರಿಗೆ ಕಂಡದ್ದು ಅಷ್ಟೇ. ಇಂಥ ಅಂಗಡಿಗೆ ವಿಷುಯಲ್ ಬೇಸಿಕ್ ಅನ್ನುವ ಕಂಪ್ಯೂಟರ್ ಭಾಷೆಯಲ್ಲಿ ಬಿಲ್ ಮಾಡುವ ಪ್ರೋಗ್ರಾಂ ಬರೆದುಕೊಟ್ಟವರ ಪಾಡು ಬೇರೆ. ತೆರಿಗೆ ಲೆಕ್ಕ ಕೋಡ್‌ನಲ್ಲಿ ಒಂದೇ ಕಡೆ ಇದ್ದರೆ ಅಲ್ಲಿ ತಿದ್ದಿದರೆ ಮುಗೀತು. ‘ಸೇವ್’ ಬಟನ್ ಒಳಗೊಂದು, ‘ಪ್ರಿಂಟ್’ ಬಟನ್ ಒಳಗೊಂದು, ಮಾಲು ವಾಪಸ್ ತಗೊಳ್ಳುವ ಫಾರ್ಮ್‌ನಲ್ಲಿ (ಅಂದರೆ ಪ್ರೋಗ್ರಾಂನ ಪರದೆಯಲ್ಲಿ) ಇನ್ನೊಂದು ಇದ್ದರೆ? ಒಂದನ್ನು ಮರೆತರೂ ಬಿಲ್‌ಗೂ ತಿಂಗಳ ರಿಪೋರ್ಟ್‌ಗೂ ತಾಳೆಯಾಗಲ್ಲ.

ಇದಕ್ಕೆ ಪರಿಹಾರ ಆಗಲೇ ಹಳೆಯದಾಗಿತ್ತು. ನಾರ್ವೆಯ ಟ್ರಿಗ್ವೆ ರೀನ್ಸ್‌ಕಾಗ್ 1979ರಲ್ಲಿ ಅಮೆರಿಕದ ಜೆರಾಕ್ಸ್ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿದ್ದರು. ಸ್ಮಾಲ್‌ಟಾಕ್ ಅನ್ನುವ ಕಂಪ್ಯೂಟರ್ ಭಾಷೆಯ ಬಳಗದ ಜೊತೆ ಕೆಲಸ ಮಾಡುತ್ತಾ ಮಾಡೆಲ್, ವ್ಯೂ, ಕಂಟ್ರೋಲರ್ ಅನ್ನುವ ವಿಂಗಡಣೆ ಮಾಡಿದರು. ಅದೇ ಎಂವಿಸಿ. ವಿಷಯ ಮತ್ತು ಅದರ ನಿಯಮ ಮಾಡೆಲ್‌ನಲ್ಲಿ. ತೋರಿಸುವುದು ವ್ಯೂ ಕೆಲಸ. ಕೀಬೋರ್ಡ್, ಮೌಸ್‌ನಿಂದ ಬಂದದ್ದನ್ನು ಕಂಟ್ರೋಲರ್ ನೋಡಿಕೊಳ್ಳುತ್ತದೆ. ಇದರಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸುವುದು ಒಂದು: ತನ್ನನ್ನು ಯಾವ ಪರದೆ ತೋರಿಸುತ್ತಿದೆ ಅನ್ನೋದು ಮಾಡೆಲ್‌ಗೆ ಗೊತ್ತಿರಬೇಕಿಲ್ಲ. ‘ನಾನು ಬದಲಾದೆ’ ಅಂತ ಅದು ಸುದ್ದಿ ಕೊಟ್ಟರೆ ಸಾಕು. ಬೇಕಾದ ಪರದೆಗಳು ಬಂದು ನೋಡಿಕೊಳ್ಳುತ್ತವೆ.

1991ರಲ್ಲಿ ಮೈಕ್ರೋಸಾಫ್ಟ್‌ನ ವಿಷುಯಲ್ ಬೇಸಿಕ್ ಬಂತು. ಫಾರ್ಮ್ ಮೇಲೆ ಬಟನ್ ಇಟ್ಟು ಡಬಲ್ ಕ್ಲಿಕ್ ಮಾಡಿದರೆ ಕೋಡ್ ಬರೆಯುವ ಜಾಗ ತಾನಾಗಿ ತೆರೆದುಕೊಳ್ಳುತ್ತಿತ್ತು. ಇದನ್ನು ಕೀಳಾಗಿ ನೋಡುವುದು ತಪ್ಪು. ಸಣ್ಣ ಊರಲ್ಲಿ ಒಬ್ಬರೇ ಕೂತು ಅಂಗಡಿಗೆ ಬೇಕಾದ ಪ್ರೋಗ್ರಾಂ ಮಾಡಿಕೊಡಲು ಆದದ್ದು ಇಂಥ ಸುಲಭದಿಂದಲೇ. ಆದರೆ ತೆರೆದುಕೊಂಡ ಜಾಗದಲ್ಲೇ ಎಲ್ಲವನ್ನೂ ತುಂಬುವ ಅಭ್ಯಾಸವೂ ಅದರಿಂದಲೇ ಬೆಳೆಯಿತು. ಕ್ಲಾಸ್, ಅಂದರೆ ಒಂದು ವಿಷಯದ ಮಾಹಿತಿ ಮತ್ತು ಲೆಕ್ಕವನ್ನು ಒಟ್ಟಿಗೆ ಇಡುವ ಕೋಡ್ ತುಂಡು, ಬರೆಯುವ ಅನುಕೂಲ 1995ರ ನಾಲ್ಕನೇ ಆವೃತ್ತಿಯಲ್ಲೇ ಬಂದಿತ್ತು. ಬಟನ್ ಕೈಗೆ ಹತ್ತಿರ ಇದ್ದಾಗ ಅಷ್ಟು ದೂರ ಯಾರು ಹೋಗ್ತಾರೆ, ಅಲ್ವಾ?

ಆಮೇಲೆ ಎಂವಿಸಿಯಂಥದ್ದೇ ವಿಂಗಡಣೆಗಳಿಗೆ 1996ರಲ್ಲಿ ಎಂವಿಪಿ, 2005ರಲ್ಲಿ ಎಂವಿವಿಎಂ ಅಂತ ಹೊಸ ಹೆಸರುಗಳು ಬಂದವು. ಈಗಿನ ಫ್ರೇಮ್‌ವರ್ಕ್‌ಗಳು, ಅಂದರೆ ಪ್ರೋಗ್ರಾಂಗೆ ಸಿದ್ಧ ಚೌಕಟ್ಟು ಕೊಡುವ ಸಾಧನಗಳು, ಈ ಭಾಗಗಳಿಗೆ ಬೇರೆ ಬೇರೆ ಫೋಲ್ಡರ್‌ಗಳನ್ನೂ ಮಾಡಿಕೊಡುತ್ತವೆ. ಆದರೂ ತೆರಿಗೆ ಲೆಕ್ಕ ಬಟನ್‌ನಿಂದ ಎದ್ದು ಕಂಟ್ರೋಲರ್‌ನಲ್ಲಿ ಕೂತರೆ ಸುಮ್ನೆ ಜಾಗ ಬದಲಾದಂತೆ.

ಅಂಗಡಿಯ ಹಳೇ ಪ್ರೋಗ್ರಾಂ ಇನ್ನೂ ಓಡುತ್ತಿದ್ದರೆ ಪೂರ್ತಿ ಹೊಸದಾಗಿ ಬರೆಯಬೇಕಿಲ್ಲ. ಮೊದಲು ತೆರಿಗೆಯೊಂದನ್ನೇ ‘ಬಿಲ್’ ಅನ್ನುವ ಕ್ಲಾಸ್‌ಗೆ ತನ್ನಿ. ಆ ಕ್ಲಾಸ್ ಪರದೆಯ ಟೆಕ್ಸ್ಟ್‌ಬಾಕ್ಸ್ (ಅಕ್ಷರ ತುಂಬುವ ಜಾಗ) ಓದಬಾರದು, ಮೆಸೇಜ್ ಬಾಕ್ಸ್ (ಸೂಚನೆ ತೋರಿಸುವ ಕಿಟಕಿ) ತೆರೆಯಬಾರದು. ಮಾಲು, ದರ, ತೆರಿಗೆ ಪ್ರಮಾಣ ಕೊಟ್ಟರೆ ಮೊತ್ತ ಹೇಳಬೇಕು. ಒಂದೂ ಫಾರ್ಮ್ ತೆರೆಯದೆ, ಹಳೇ ನಾಲ್ಕು ಬಿಲ್‌ಗಳ ಅಂಕಿ ಕೊಟ್ಟು ತಾಳೆ ನೋಡಿ. ಸರಿ ಬಂದರೆ ಬಟನ್‌ಗಳಲ್ಲಿ ಉಳಿದ ಲೆಕ್ಕವನ್ನು ಒಂದೊಂದಾಗಿ ಅಳಿಸುತ್ತಾ ಹೋಗಬಹುದು.