ನೂರಕ್ಕೆ ಮೂರು ಪಾಸಿಟಿವ್ ಬಂದರೆ ಮೂರು ಪರ್ಸೆಂಟ್ ಅಂತ ತಾನೇ?

ಪ್ರಶ್ನೆ: ಸೆರೋ ಸಮೀಕ್ಷೆಯಲ್ಲಿ, ಅಂದರೆ ಜನರ ರಕ್ತದಲ್ಲಿ ಆಂಟಿಬಾಡಿ (ಸೋಂಕನ್ನು ಎದುರಿಸಲು ದೇಹ ತಯಾರಿಸುವ ಪ್ರೋಟೀನ್) ಹುಡುಕುವ ಸಮೀಕ್ಷೆಯಲ್ಲಿ, ಎಲ್ಲರ ರಕ್ತ ತೆಗೆಯುವುದಿಲ್ಲ. ಆದರೂ ಇಷ್ಟು ಪರ್ಸೆಂಟ್ ಜನರಲ್ಲಿ ಕೊರೊನಾ ಆಂಟಿಬಾಡಿ ಇದೆ ಅಂತ ಹೇಗೆ ಹೇಳುತ್ತಾರೆ? ಟೆಸ್ಟ್ 98% ಸರಿ ಇದ್ದರೆ ಪಾಸಿಟಿವ್ ಬಂದವರನ್ನು ಎಣಿಸಿದರೆ ಮುಗೀತಲ್ವಾ?

ಮುಗಿಯುವುದಿಲ್ಲ. 2020ರಿಂದ ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಈ ಸಲ ಪೂರ್ತಿ ಬಿಡಿಸಿ ಬರೆಯುತ್ತೇನೆ. ದಯವಿಟ್ಟು ಒಂದು ಪೆನ್ನು, ಹಾಳೆ ಹಿಡಿದು ಓದಿ.

ಮೊದಲ ಭಾಗ ಸುಲಭ. ರಕ್ತ ಪರೀಕ್ಷೆಗೆ ಹೋದರೆ ಮೈಯಲ್ಲಿರುವ ರಕ್ತವನ್ನೆಲ್ಲ ತೆಗೆಯುತ್ತಾರಾ? ಸಣ್ಣ ಟ್ಯೂಬ್ ತುಂಬಿದರೆ ಸಾಕು. ರಕ್ತ ಮೈಯೆಲ್ಲ ಸುತ್ತಿ ಚೆನ್ನಾಗಿ ಬೆರೆತಿರುತ್ತದೆ. ಜನ ಹಾಗೆ ಬೆರೆತಿರುವುದಿಲ್ಲ, ಅದಕ್ಕೇ ಚೀಟಿ ಎತ್ತಿದ ಹಾಗೆ ಆರಿಸಬೇಕು. ಸ್ಪೇನ್‌ನಲ್ಲಿ 2020ರ ಏಪ್ರಿಲ್ ಕೊನೆ, ಮೇ ಮೊದಲಲ್ಲಿ ಹೀಗೆ ಮನೆಗಳನ್ನು ಆರಿಸಿ 61,000ಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿದರು. ದೇಶಕ್ಕೆಲ್ಲ ಸುಮಾರು 5% ಅಂತ ಬಂತು. ಮ್ಯಾಡ್ರಿಡ್ ಸುತ್ತ 10%ಗಿಂತ ಜಾಸ್ತಿ, ಕರಾವಳಿಯಲ್ಲಿ 3%ಗಿಂತ ಕಡಿಮೆ. ಆರಿಸಿದ್ದು ಸರಿ ಇದ್ದರೆ ಕೆಲವು ಸಾವಿರ ಜನ ಕೋಟಿಗಟ್ಟಲೆ ಜನರ ಕಥೆ ಹೇಳಬಲ್ಲರು.

ಈಗ ಆ 98%ರ ವಿಷಯ. ಎಷ್ಟು ಹೇಳಿದರೂ ಹೋಗದ ತಪ್ಪು ತಿಳುವಳಿಕೆ ಇದು. "ಟೆಸ್ಟ್ 98% ಸರಿ, ಹಾಗಾಗಿ ಪಾಸಿಟಿವ್ ಬಂದವರಲ್ಲಿ 98% ಜನಕ್ಕೆ ನಿಜವಾಗಿ ಆಂಟಿಬಾಡಿ ಇದೆ" ಅಂತ ಓದಿದವರೂ ಹೇಳುತ್ತಾರೆ, ಡಾಕ್ಟರುಗಳೂ ಹೇಳಿದ್ದನ್ನು ಕೇಳಿದ್ದೇನೆ.

ಮೊದಲು, ಟೆಸ್ಟಿಗೆ ಇರುವುದು ಒಂದು ಅಂಕಿ ಅಲ್ಲ, ಎರಡು. ಆಂಟಿಬಾಡಿ ಇರುವವರಲ್ಲಿ ಎಷ್ಟು ಜನರನ್ನು ಹಿಡಿಯುತ್ತದೆ ಅನ್ನುವುದು ಒಂದು. ಇಲ್ಲದವರಲ್ಲಿ ಎಷ್ಟು ಜನರನ್ನು ಸರಿಯಾಗಿ ನೆಗೆಟಿವ್ ಅನ್ನುತ್ತದೆ ಅನ್ನುವುದು ಇನ್ನೊಂದು. ನಮ್ಮ ಲೆಕ್ಕಕ್ಕೆ ಮೊದಲನೆಯದು 90%, ಎರಡನೆಯದು 98% ಅಂತ ಇಟ್ಟುಕೊಳ್ಳಿ. ಟೆಸ್ಟ್ ಮಾಡಿದ್ದು 10,000 ಜನರಿಗೆ. ಅವರಲ್ಲಿ ನಿಜಕ್ಕೂ ಆಂಟಿಬಾಡಿ ಇರುವುದು 1%ಗೆ, ಅಂದರೆ 100 ಜನಕ್ಕೆ.

ಆ 100 ಜನರಲ್ಲಿ ಟೆಸ್ಟ್ 90 ಜನರನ್ನು ಹಿಡಿಯುತ್ತದೆ. ಉಳಿದ 9,900 ಜನರಿಗೆ ಆಂಟಿಬಾಡಿ ಇಲ್ಲ. ಅವರಲ್ಲಿ 2% ಜನಕ್ಕೆ ಸುಳ್ಳೇ ಪಾಸಿಟಿವ್ ತೋರಿಸುತ್ತದೆ. 9,900ರ 2% ಎಷ್ಟು? 198. ಒಟ್ಟು ಪಾಸಿಟಿವ್ 288. ಹೆಚ್ಚೂಕಡಿಮೆ 3% ಅಂತ ಕಾಣುತ್ತದೆ. ನಿಜ ಇರುವುದು 1%. ಈಗ ಆ 288 ಜನರನ್ನು ಸಾಲಾಗಿ ನಿಲ್ಲಿಸಿ. ಅವರಲ್ಲಿ 198 ಜನರದು ಸುಳ್ಳು ಪಾಸಿಟಿವ್. ಟೆಸ್ಟ್ ಹಾಳಾಗಿಲ್ಲ, ಯಾರೂ ಮೋಸ ಮಾಡಿಲ್ಲ. ಇಲ್ಲದವರ ಗುಂಪು ಅಷ್ಟು ದೊಡ್ಡದಿರುವಾಗ ಅದರ ಚಿಕ್ಕ ಪಾಲೂ ಇರುವವರ ಗುಂಪಿಗಿಂತ ದೊಡ್ಡದಾಗುತ್ತದೆ, ಅಷ್ಟೇ.

ಇದೇ ಟೆಸ್ಟನ್ನು ಅರ್ಧದಷ್ಟು ಜನರಲ್ಲಿ ಆಂಟಿಬಾಡಿ ಇರುವ ಕಡೆ ಮಾಡಿ. 10,000ದಲ್ಲಿ ಆಂಟಿಬಾಡಿ ಇರುವ 5,000 ಜನರಲ್ಲಿ 4,500 ಜನ ಸಿಗುತ್ತಾರೆ, ಇಲ್ಲದ 5,000 ಜನರಲ್ಲಿ ಸುಳ್ಳು ಪಾಸಿಟಿವ್ ಬರೀ 100. ಒಟ್ಟು 4,600, ಅಂದರೆ 46%. ಇಲ್ಲಿ ಅಂಕಿ ನಿಜಕ್ಕಿಂತ ಕಡಿಮೆ ಬಂತು! ಸೋಂಕು ಕಡಿಮೆ ಇದ್ದಾಗ ಉಬ್ಬಿಸುವ ಟೆಸ್ಟೇ ಸೋಂಕು ಜಾಸ್ತಿ ಆದಾಗ ಕುಗ್ಗಿಸಿ ತೋರಿಸುತ್ತದೆ. "ಸುಮ್ನೆ ಎಣಿಸಿ" ಅನ್ನುವವರು ದಯವಿಟ್ಟು ಈ ಎರಡು ಲೆಕ್ಕಗಳನ್ನು ಒಮ್ಮೆ ಕೈಯಾರೆ ಮಾಡಿ ನೋಡಿ.

ಸರಿಪಡಿಸುವುದು ಹೇಗೆ? ಬಂದ 2.88%ರಲ್ಲಿ ಸುಳ್ಳು ಪಾಸಿಟಿವ್‌ನ 2% ಕಳೆಯಿರಿ, 0.88 ಉಳಿಯಿತು. ಅದನ್ನು 90%ರಲ್ಲಿ 2% ಕಳೆದ ಮೊತ್ತದಿಂದ, ಅಂದರೆ 0.88ರಿಂದ, ಭಾಗಿಸಿ. ಬಂತು 1%. 46%ಗೂ ಮಾಡಿ ನೋಡಿ, 50% ಸಿಗುತ್ತದೆ. ರೋಗನ್ ಮತ್ತು ಗ್ಲಾಡೆನ್ ಅನ್ನುವ ಸಂಶೋಧಕರು 1978ರಲ್ಲಿ ಬರೆದ ಸೂತ್ರ ಇದು. ತರಗತಿಯಲ್ಲಿ ನಾನು ಸೂತ್ರ ಹೇಳುವ ಮೊದಲೇ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಹಾಳೆಯಲ್ಲಿ ಎರಡು ಗೆರೆ ಎಳೆದು ತಾನೇ ಅಲ್ಲಿಗೆ ಬಂದುಬಿಟ್ಟಿದ್ದಳು. ಆ ಹಾಳೆ ಇನ್ನೂ ನನ್ನ ಹತ್ತಿರ ಇದೆ.

ಭಾರತದಲ್ಲಿ ಐಸಿಎಂಆರ್ 2020ರ ಮೇ-ಜೂನ್‌ನಲ್ಲಿ 28,000 ಜನರನ್ನು ಪರೀಕ್ಷಿಸಿ ಕೊಟ್ಟ 0.73% ಕೂಡ ಟೆಸ್ಟಿನ ತಪ್ಪನ್ನು ಲೆಕ್ಕಕ್ಕೆ ಹಿಡಿದ ಮೇಲಿನ ಅಂಕಿ. ಅಷ್ಟು ಕಡಿಮೆ ಇರುವಾಗ ಹಾಗೆ ಮಾಡದೆ ದಾರಿಯೇ ಇಲ್ಲ.

ಎಡವಿದರೆ ಏನಾಗುತ್ತದೆ ಅನ್ನುವುದಕ್ಕೆ ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ ಅಧ್ಯಯನ ನೋಡಿ. 2020ರ ಏಪ್ರಿಲ್‌ನಲ್ಲಿ 3,330 ಜನರನ್ನು ಪರೀಕ್ಷಿಸಿದರು, 50 ಜನರಿಗೆ ಪಾಸಿಟಿವ್, ಅಂದರೆ 1.5%. ಬಳಸಿದ್ದು ಬೆರಳು ಚುಚ್ಚಿ ಒಂದು ಹನಿ ರಕ್ತ ಹಾಕುವ ಪುಟ್ಟ ಪ್ಲಾಸ್ಟಿಕ್ ಕ್ಯಾಸೆಟ್. ಅದನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು. ಮೇಲೆ, ಟೆಸ್ಟ್ ಸರಿಯಾಗಿ ನಡೆದಿದೆ ಅಂತ ತೋರಿಸುವ ಸಿ ಗೆರೆ ದಪ್ಪಗೆ ಮೂಡುತ್ತದೆ. ಕೆಳಗೆ, ಪಾಸಿಟಿವ್ ತೋರಿಸುವ ಜಾಗದಲ್ಲಿ, ಕೆಲವು ಸಲ ಗೆರೆಯ ನೆರಳು ಮಾತ್ರ. ಬೆಳಕಿಗೆ ಹಿಡಿದರೆ ಇದೆ, ಓರೆ ಮಾಡಿದರೆ ಇಲ್ಲ. ಆ ಟೆಸ್ಟನ್ನು ಮೊದಲು ಆಂಟಿಬಾಡಿ ಇಲ್ಲದ 401 ರಕ್ತದ ಮಾದರಿಗಳ ಮೇಲೆ ಮಾಡಿದಾಗ 2 ತಪ್ಪು ಬಂದಿತ್ತು. 0.5% ತಪ್ಪು ತಾನೇ ಅನ್ನಬಹುದು. ಆದರೆ 401ರಲ್ಲಿ 2 ಅನ್ನುವುದು ತೀರಾ ಚಿಕ್ಕ ಲೆಕ್ಕ. ನಿಜವಾದ ತಪ್ಪು 1.8%ವರೆಗೂ ಇರಬಹುದು. 3,330ಕ್ಕೆ 1.8% ಅಂದರೆ 60. ಸಿಕ್ಕಿದ್ದು 50! ಅಂದರೆ ಅಷ್ಟೂ ಸುಳ್ಳು ಪಾಸಿಟಿವ್ ಆಗಿರುವ ಸಾಧ್ಯತೆಯನ್ನೂ ತಳ್ಳಿಹಾಕಲು ಆಗುತ್ತಿರಲಿಲ್ಲ. ಮೇಲಾಗಿ ಜನರನ್ನು ಕರೆದದ್ದು ಫೇಸ್‌ಬುಕ್ ಜಾಹೀರಾತಿನಿಂದ. ಕೆಮ್ಮು, ಜ್ವರ ಬಂದು ಅನುಮಾನ ಇದ್ದವರೇ ಜಾಸ್ತಿ ಬಂದಿರಬಹುದಲ್ವಾ? ಟೀಕೆ ಬಂದ ಮೇಲೆ ಅವರು ಇನ್ನೂ ಹೆಚ್ಚು ಮಾದರಿಗಳನ್ನು ಸೇರಿಸಿ ಲೆಕ್ಕವನ್ನು ತಿದ್ದಿದರು. ಆದರೆ ಮೊದಲ ಅಂಕಿ ಅಷ್ಟರಲ್ಲಿ ಊರೆಲ್ಲ ಸುತ್ತಿಬಿಟ್ಟಿತ್ತು.

ನೀವು ಕೇಳದಿದ್ದರೂ ಇನ್ನೊಂದು ಹೇಳಲೇಬೇಕು. ಇದು ಬಿಟ್ಟರೆ ಉತ್ತರ ಅರ್ಧ ಆಗುತ್ತದೆ. ಆಂಟಿಬಾಡಿ ಒಮ್ಮೆ ಬಂದರೆ ಅದೇ ಮಟ್ಟದಲ್ಲಿ ಇರುತ್ತದಾ? ಇಲ್ಲ, ತಿಂಗಳು ಕಳೆದಂತೆ ಇಳಿಯುತ್ತದೆ. ಬ್ರೆಜಿಲ್‌ನ ಮನೌಸ್‌ನಲ್ಲಿ ರಕ್ತದಾನಿಗಳ ಮಾದರಿಗಳನ್ನು ನೋಡಿದಾಗ 2020ರ ಜೂನ್ ನಂತರ ಪಾಸಿಟಿವ್ ಆಗುವವರು ಕಡಿಮೆಯಾಗುತ್ತಾ ಹೋದರು. ಸೋಂಕು ತಗುಲಿದವರು ತಗುಲದವರಾಗಿ ಬದಲಾಗಲು ಸಾಧ್ಯವಿಲ್ಲ. ಇಳಿದದ್ದು ಆಂಟಿಬಾಡಿ. ಅದನ್ನೂ ಲೆಕ್ಕ ಹಿಡಿದಾಗ ಅಕ್ಟೋಬರ್ ಹೊತ್ತಿಗೆ 76% ಜನರಿಗೆ ಸೋಂಕು ಬಂದು ಹೋಗಿದೆ ಅಂತ ಅಂದಾಜು ಸಿಕ್ಕಿತು. ಹಾಗಿದ್ದರೂ 2021ರ ಜನವರಿಯಲ್ಲಿ ಅಲ್ಲಿ ದೊಡ್ಡ ಅಲೆ ಎದ್ದಿತು, ಆಸ್ಪತ್ರೆಗಳಲ್ಲಿ ಆಮ್ಲಜನಕವೇ ಮುಗಿಯಿತು. ಹೊಸ ರೂಪದ ವೈರಸ್ ಬಂದಿತ್ತು. ದಾನಿಗಳ ರಕ್ತ ಇಡೀ ಊರಿನ ಕಥೆ ಹೇಳಿತ್ತಾ ಅನ್ನುವ ಪ್ರಶ್ನೆಯೂ ಎದ್ದಿತು.

ಲಸಿಕೆ ಬಂದ ಮೇಲೆ ಇನ್ನೊಂದು ತೊಡಕು ಸೇರಿತು. ಬಹುತೇಕ ಲಸಿಕೆಗಳು ವೈರಸ್ಸಿನ ಮುಳ್ಳಿನ ಭಾಗವಾದ ಸ್ಪೈಕ್ ಪ್ರೋಟೀನನ್ನು ಮಾತ್ರ ದೇಹಕ್ಕೆ ತೋರಿಸುತ್ತವೆ. ಸೋಂಕು ಒಳಗಿನ ನ್ಯೂಕ್ಲಿಯೋಕ್ಯಾಪ್ಸಿಡ್ ಪ್ರೋಟೀನನ್ನೂ ತೋರಿಸುತ್ತದೆ. ಹಾಗಾಗಿ ಸೋಂಕು ತಗುಲಿದವರೆಷ್ಟು ಅಂತ ತಿಳಿಯಬೇಕಾದರೆ ಎರಡನೆಯದರ ಆಂಟಿಬಾಡಿ ಹುಡುಕುತ್ತಾರೆ. ಕೊವ್ಯಾಕ್ಸಿನ್‌ನಂಥ ಇಡೀ ವೈರಸ್ಸನ್ನು ಕೊಂದು ಮಾಡಿದ ಲಸಿಕೆ ಹಾಕಿಸಿಕೊಂಡವರಲ್ಲಿ ಮಾತ್ರ ಈ ಉಪಾಯ ನಡೆಯುವುದಿಲ್ಲ. ಅವರಿಗೆ ಎರಡೂ ಬಂದಿರಬಹುದು.